ರಸ್ತೆಗೆ ಏಸಿ ಹಾಕಿದ ಸೀರೆ ಅಂಗಡಿ

ತೆಲುಗು, ಉರ್ದು ಆಡುವ ನಮ್ಮ ಸುಲ್ತಾನ್ ಬಜಾರಿನಲ್ಲಿ ಯಾರಿಗಾದರೂ ಬುದ್ಧಿಮಾತು ಹೇಳಿ ನೋಡಿ, ಸಂಜೆಯೊಳಗೆ ಅದು ತಮಾಷೆಯಾಗಿ ನಿಮ್ಮ ಬಳಿಗೇ ವಾಪಸು ಬರುತ್ತದೆ. ಹದಿನೆಂಟು ವರ್ಷದಿಂದ ಇಲ್ಲಿನ ಒಂದು ಸೀರೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸುವವನು ನಾನು. ಶಾಲೆ ಏಳನೇ ಇಯತ್ತೆಗೇ ಮುಗಿಯಿತು. ಉಳಿದದ್ದನ್ನೆಲ್ಲ ಸೀರೆಗೆ ಸುತ್ತಿ ಬರುವ ಹಳೆಯ ಪತ್ರಿಕೆಗಳಲ್ಲಿ ಓದಿಕೊಂಡೆ. ಓದಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರುವುದು ನನ್ನಿಂದಾಗದು. ಅದಕ್ಕೇ ಅಂಗಡಿಯಲ್ಲಿ ನನ್ನನ್ನು ಲೀಡರ ಎನ್ನುತ್ತಾರೆ.

೧. ರಸ್ತೆಗೆ ತಂಪು

ನಮ್ಮ ಬಜಾರಿನಲ್ಲಿ ಏಸಿ ಹಾಕಿದ ಅಂಗಡಿಯವರು ಬಾಗಿಲು ಮುಚ್ಚುವುದಿಲ್ಲ. ಯಾಕೆ ಎಂದು ತಿಳಿಯುವ ಕುತೂಹಲ ನನಗೆ. ನಮ್ಮ ಸಾಹುಕಾರರು ಬಾಗಲಕೋಟೆ ಕಡೆಯವರು. ಅವರನ್ನೇ ಕೇಳಿದೆ.

“ಸಾವ್ಕಾರ್ರ, ಇಡೀ ಬಜಾರಕ್ಕ ಏಸಿ ಹಾಕಾಕತ್ತೀರೇನು?”

“ಏ ಲೀಡರ, ಹಾದು ಹೋಗೋ ಹೆಣ್ಮಕ್ಕಳ ಕಾಲಿಗೆ ತಂಪು ಗಾಳಿ ಬಡೀಬೇಕು. ಕಾಲು ತಾವ ಒಳಗ ಬರ್ತಾವ. ಅದೇ ನಮ್ಮ ಬೋರ್ಡು.”

“ಆ ಗಾಳಿ ಸಲುವಾಗಿ ಎಲ್ಲೋ ಕಲ್ಲಿದ್ದಲು ಸುಡಾಕತ್ತಾರ್ರಿ. ಅದರ ಹೊಗಿಗೆ ಭೂಮಿ ಕಾಯಾಕತ್ತೈತಿ.”

“ಕಾಯ್ಲಿ ಬಿಡಪಾ. ಬಿಸಲು ಹೆಚ್ಚಾದಷ್ಟೂ ಜನ ಒಳಗ ಬರ್ತಾರ.”

ಮೈಯೆಲ್ಲ ಉರಿಯಿತು. ಒಂದು ತಿಂಗಳು ಬಾಗಿಲು ಮುಚ್ಚಿ ನೋಡಿ, ಏಸಿಗೆ ಕೆಲಸ ಕಡಿಮೆಯಾಗುತ್ತದೆ ಎಂದು ಹಠ ಹಿಡಿದೆ. ಸಾಹುಕಾರರು ಒಪ್ಪಿದರು, ಆದರೆ ಷರತ್ತು ಹಾಕಿದರು. ಗಿರಾಕಿ ಕಡಿಮೆಯಾದರೆ ನಾನು ಗಾದಿ ಬಿಟ್ಟು ಫುಟ್‌ಪಾತಿನ ಮೇಲೆ ನಿಂತು “ಆವೋ ಬೆಹನ್‌ಜಿ” ಎಂದು ಕೂಗಿ ಗಿರಾಕಿಗಳನ್ನು ಕರೆಯಬೇಕು. ಏಪ್ರಿಲ್ ಬಿಸಿಲು. ನನ್ನ ಮಂಡಿ ನೋವು ಬೇರೆ. ಆದರೂ ಹೂಂ ಅಂದೆ.

ಬಾಗಿಲು ಮುಚ್ಚುವಾಗ ಸಾಹುಕಾರರು ತಡೆದರು. “ಅಲ್ಲೋ, ಗಾಳಿ ಒಳಗ ಕುಂತು ಕುಂತು ಹಳಸೂದಿಲ್ಲೇನು?”

೨. ಡಾಕ್ಟರು ಎಷ್ಟೊತ್ತಿಗೆ?

ನಮ್ಮ ಕಡೆ ಮುಚ್ಚಿದ ಗಾಜಿನ ಬಾಗಿಲು ಎಂದರೆ ಜನಕ್ಕೆ ಬೇರೆಯೇ ಅರ್ಥ. ಮೊದಲ ದಿನ ಒಬ್ಬರು ಕಾರ್ಡು ಹಿಡಿದು ಒಳಗೆ ಬಂದು, ನಾಲ್ಕೂ ಗೋಡೆ ನೋಡಿ, ಮಿಷನ್ ಎಲ್ಲಿ ಎಂದು ಕೇಳಿದರು. ಎಟಿಎಂ ಅಂದುಕೊಂಡಿದ್ದರು.

ಮರುದಿನ ಒಬ್ಬ ಹೆಣ್ಣುಮಗಳು ಮಗುವನ್ನು ಎತ್ತಿಕೊಂಡು ಬಂದು ಮೂಲೆಯ ಕುರ್ಚಿಯಲ್ಲಿ ಅರ್ಧ ಗಂಟೆ ಕೂತರು. ಏನು ತೋರಿಸಲಿ ಅಕ್ಕಾ ಎಂದರೆ, ತೆಲುಗಿನಲ್ಲಿ “ಡಾಕ್ಟರ್ ಎಪ್ಪುಡು ವಸ್ತಾರು?” ಎಂದು ಡಾಕ್ಟರು ಬರುವ ಹೊತ್ತು ಕೇಳಿದರು.

“ಅಕ್ಕಾ, ಸುತ್ತಲೂ ಇಷ್ಟು ಸೀರೆ ಕಾಣುತ್ತಿಲ್ಲವೇ?”

“ಕಂಡವು. ಡಾಕ್ಟರ ಹೆಂಡತಿಯದು ಸೈಡ್ ಬಿಸಿನೆಸ್ ಇರಬೇಕು ಅಂದುಕೊಂಡೆ.”

ಮೊದಲ ವಾರ ಗಿರಾಕಿ ನಿಜಕ್ಕೂ ಇಳಿಯಿತು. ನಾನು ತೆಲುಗು, ಉರ್ದು, ಹಿಂದಿಯಲ್ಲಿ “ಅಂಗಡಿ ತೆರೆದಿದೆ” ಎಂದು ಬರೆದು ಗಾಜಿಗೆ ಅಂಟಿಸಿದೆ. ಸಾಹುಕಾರರು ನನಗೆ ಕಲ್ಲುಸಕ್ಕರೆ ಕೊಟ್ಟರು. “ತಿನ್ನು ಲೀಡರ. ಕೂಗಾಕ ಗಂಟಲಾ ಸಜ್ಜ ಇರ್ಲಿ.”

೩. ಚೀಲಕ್ಕೊಂದು ಚೀಲ

ಅದೇ ಜಗಳದಲ್ಲಿ ಪ್ಲಾಸ್ಟಿಕ್ ಕವರೂ ನಿಲ್ಲಿಸಿದೆ. ಬಟ್ಟೆ ಚೀಲ ಬಂತು, ಬೆಳ್ಳಗೆ, ಚಂದ. ಹಿಮಾಯತ್‌ನಗರದಿಂದ ಬಂದಿದ್ದ ನಮ್ಮ ಭಾಷೆಯ ಒಬ್ಬ ಅಕ್ಕ ಅದನ್ನು ಮುಟ್ಟಿ ಮುಟ್ಟಿ ನೋಡಿದರು.

“ಭಾಳ ಛಲೋ ಐತಿ ಅಣ್ಣಾ. ಹೊಲಸಾಗ್ತೈತಿ. ಒಂದು ಪ್ಲಾಸ್ಟಿಕ್ ಕವರ್‌ನ್ಯಾಗ ಹಾಕಿ ಕೊಡ್ರಿ.”

ಕಾಲು ಗಂಟೆ ಭಾಷಣ ಮಾಡಿದೆ. ಪ್ಲಾಸ್ಟಿಕ್ಕು ಹುಟ್ಟುವುದೇ ನೆಲದಡಿಯ ಎಣ್ಣೆಯಿಂದ, ಅದನ್ನು ಸುಟ್ಟರೆ ವಿಷ, ಹೂತರೆ ಕೊಳೆಯುವುದಿಲ್ಲ. ಅಕ್ಕ ಒಳ್ಳೊಳ್ಳೆ ಪ್ರಶ್ನೆ ಕೇಳಿದರು. ಇಂಥ ಗಿರಾಕಿ ಸಿಕ್ಕಿದರಲ್ಲ ಎಂದು ನನಗೆ ಎದೆ ತುಂಬಿ ಬಂತು.

“ಖರೇ ಐತಿ ಅಣ್ಣಾ, ಪ್ಲಾಸ್ಟಿಕ್ ಬ್ಯಾಡ,” ಎಂದರು. “ಇದರ ಮ್ಯಾಲ ಹಾಕಾಕ ಇನ್ನೊಂದು ಬಟ್ಟಿ ಚೀಲಾನ ಕೊಡ್ರಿ.”

೪. ಒಣಗದ ಸಂಡಿಗೆ

ಮೂರನೇ ವಾರಕ್ಕೆ ಜನಕ್ಕೆ ಬಾಗಿಲು ರೂಢಿಯಾಗಿ ಗಿರಾಕಿ ಮತ್ತೆ ಮೊದಲಿನಷ್ಟಾಯಿತು. ಆದರೂ ಸಾಹುಕಾರರು ಬಗ್ಗಲಿಲ್ಲ. “ಏಸಿ ಕೆಲಸ ಕಡಿಮಿ ಆಗೈತಿ ಅಂತ ಹೆಂಗ ನಂಬಲಿ? ಅದು ಹಂಗ ಗುರ್ ಅನ್ನಾಕತ್ತೈತಿ.” ನಾನು ಪತ್ರಿಕೆಯ ತುಂಡುಗಳನ್ನು ತೋರಿಸಿದೆ. ಅವರು ಕನ್ನಡಕವನ್ನೇ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಒಬ್ಬ ಅಜ್ಜಿ ತಟ್ಟೆ ಹಿಡಿದುಕೊಂಡು ಬಾಗಿಲು ದೂಡಿ ಒಳಗೆ ಬಂದರು. ಹಿಂದಿನ ಗಲ್ಲಿಯವರು, ಮೂಲ ನಾರಾಯಣಪೇಟೆ, ನಮ್ಮ ಭಾಷೆಯವರೇ.

“ಯಾರ್ರೀ ಸಾವ್ಕಾರ? ನಿಮ್ಮ ಮಿಶಿನ್ ಕೆಟ್ಟದ! ಲಗೂ ರಿಪೇರಿ ಮಾಡಸ್ರಿ!”

ಏನೆಂದು ನೋಡಲು ಎಲ್ಲರೂ ಹಿಂದಿನ ಗಲ್ಲಿಗೆ ಹೋದೆವು. ಎರಡೂ ಕಡೆ ನಾಲ್ಕು ಮಹಡಿ, ಬಿಸಿಲೇ ಬೀಳದ ಗಲ್ಲಿ. ನಮ್ಮ ಏಸಿ ಬಿಸಿ ಗಾಳಿ ಉಗುಳುವ ಡಬ್ಬಿಯ ಎದುರಿಗೆ ಅಜ್ಜಿಯ ಮಂಚ, ಮಂಚದ ಮೇಲೆ ಪಂಚೆ, ಪಂಚೆಯ ಮೇಲೆ ಸಾಲು ಸಾಲು ಸಂಡಿಗೆ.

“ಪ್ರತಿ ಬ್ಯಾಸಿಗಿ ಇಲ್ಲೇ ಒಣಗಸ್ತೀನಿ. ಮುಂಜಾನಿ ಇಟ್ರ ಸಂಜೀಕ ಗರಿಗರಿ. ಈಗ ಈ ಡಬ್ಬಿ ಐದ್ ನಿಮಿಷ ತಿರಗ್ತದ, ಹತ್ ನಿಮಿಷ ಸುಮ್ನ ಕುಂದರ್ತದ. ಮೂರು ದಿನ ಆತು, ಇನ್ನೂ ಹಸೀನೇ ಅವ!”

ಸಾಹುಕಾರರು ಒಂದು ಸಂಡಿಗೆ ಒತ್ತಿದರು. ಬೆರಳಿಗೆ ಹಿಟ್ಟು ಅಂಟಿತು. ಬೆರಳು ಒರೆಸಿಕೊಂಡು ಡಬ್ಬಿಯ ಕಡೆ ತಿರುಗಿದರು. “ಏಸಿ ಕೆಲಸ ಖರೇನ ಕಡಿಮಿ ಆಗೈತಿ. ಒಪ್ಪಿದೆ ಲೀಡರ. ಬಾಗ್ಲಾ ಇನ್ನ ಮುಚ್ಚೇ ಇರ್ಲಿ,” ಎಂದರು. ಅಜ್ಜಿಗೆ ಬಿಸಿಲಿರುವ ನಮ್ಮ ಮಾಳಿಗೆಯ ಕೀಲಿ ಕೊಟ್ಟರು.

ನನ್ನ ಗಾದಿ ಉಳಿಯಿತು ಎಂದುಕೊಂಡೆ. ಸಾಹುಕಾರರು ಮರುದಿನ ಕರೆದರು. “ಹೆಣ್ಮಕ್ಕಳ ಎರಡೂ ಕೈಯಾಗ ಚೀಲ ಇರ್ತಾವ. ಗಾಜಿನ ಬಾಗ್ಲಾ ತಗದು ಲಗೂ ಮುಚ್ಚಾಕ ಒಬ್ಬರು ಬೇಕು. ಬ್ಯಾರೆಯವರು ಅರ್ಧ ತಗದು ಹಂಗ ಬಿಡ್ತಾರ. ಆ ಬಾಗಲದ ಮ್ಯಾಲ ನಿನ್ನಷ್ಟು ಕಳಕಳಿ ಯಾರಿಗೈತಿ ಹೇಳಪಾ?”

ಅಂದಿನಿಂದ ಗಾದಿ ಬಿಟ್ಟು ಬಾಗಿಲ ಹೊರಗೆ, ಫುಟ್‌ಪಾತಿನ ಮೇಲೆ ನಿಂತಿದ್ದೇನೆ.

ನಿನ್ನೆ ಮಧ್ಯಾಹ್ನ ಬಾಗಿಲು ತೆರೆದಾಗ ಒಬ್ಬ ಅಕ್ಕ ನನ್ನ ಬೆವರು ನೋಡಿ ಮರುಗಿದರು. “ಏನು ತಪ್ಪು ಮಾಡಿದ್ರಿ ಅಣ್ಣಾ, ಇಂಥಾ ಬಿಸಲಾಗ ಹೊರಗ ನಿಲ್ಸ್ಯಾರ?”

“ತಪ್ಪೇನಿಲ್ಲ ಅಕ್ಕಾ,” ಎಂದೆ. “ಗೆದ್ದೀನಿ.”