ನೀಲಮಳ ಕಡೆಯ ಸ್ವಿಚ್ಚು

ನನ್ನ ಕಾರಿನ ಸ್ಟೇರಿಂಗ್ ನನ್ನ ಕೈಯಲ್ಲಿದೆ, ಬ್ರೇಕು ನನ್ನ ಕಾಲಲ್ಲಿದೆ, ಅಧಿಕಾರ ಮಾತ್ರ ಪಕ್ಕದ ಸೀಟಿನಲ್ಲಿ ಕೂತಿದೆ. ಇದು ಗಂಡಂದಿರೆಲ್ಲ ಸುಮ್ಮನೆ ಹೇಳಿಕೊಳ್ಳುವ ಗೋಳಲ್ಲ; ನಿಪ್ಪಾಣಿಯ ಮೆಕ್ಯಾನಿಕ್ ರಾಜಾರಾಮ ವೈರು ಎಳೆದು, ಸ್ಕ್ರೂ ಬಿಗಿದು ಕೊಟ್ಟ ಸತ್ಯ.

ನಾನು ರಾಯಬಾಗದ ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರ. ವಾರವೆಲ್ಲ ಮಕ್ಕಳಿಂದ ಮಾವಿನಕಾಯಿ ಬರೆಸುವವನಿಗೆ ವೇಗದ ಆಸೆ ಇರಬಾರದೆಂದು ಕಾನೂನೇನೂ ಇಲ್ಲವಲ್ಲ. ನನ್ನ ಹಳೆಯ ಎಸ್ಟೀಮ್ ಕಾರಿಗೆ ಅಗಲ ಟೈರು, ದಪ್ಪ ಸೈಲೆನ್ಸರು ಹಾಕಿಸಿ ಆಗಿತ್ತು. ಕಾಲೇಜು ದಿನಗಳಿಂದ ಎದೆಯಲ್ಲಿ ಉಳಿದಿದ್ದ ಆಸೆ ಒಂದೇ, ನೈಟ್ರಸ್ ಆಕ್ಸೈಡ್. ಡಿಕ್ಕಿಯಲ್ಲಿ ಒಂದು ನೀಲಿ ಬಾಟ್ಲಿ. ಅದರೊಳಗಿನ ಗ್ಯಾಸು ಎಂಜಿನ್ನಿಗೆ ಹೋದರೆ ಕಾರು ಚಂಗನೆ ಮುಂದಕ್ಕೆ ಜಿಗಿಯುತ್ತದೆ. (ಹಲ್ಲಿನ ಡಾಕ್ಟರು ಕೊಡುವ ನಗೆ ಅನಿಲವೂ ಇದೇ ಅಂತೆ. ನಮ್ಮ ಮನೆಯಲ್ಲಿ ಮಾತ್ರ ಯಾರೂ ನಗಲಿಲ್ಲ.)

ಅಡುಗೆಮನೆಯಲ್ಲಿ ಒಂದು ಸಿಲಿಂಡರ್ ಇದೆ, ಅಷ್ಟು ಸಾಕು ಎಂದಳು ನನ್ನ ಹೆಂಡತಿ ನೀಲಮ. ನಾನು ಡ್ರಾಯಿಂಗ್ ಶೀಟು ಹರಡಿ, ಗ್ಯಾಸಿಗೆ ನೀಲಿ, ಪೆಟ್ರೋಲಿಗೆ ಕೆಂಪು ಬಳಿದು ಉಪನ್ಯಾಸವನ್ನೇ ಆರಂಭಿಸಿದೆ. ಈ ಗ್ಯಾಸು ತಾನು ಉರಿಯುವುದಿಲ್ಲ, ಒಲೆಗೆ ಊದುಗೊಳವೆ ಇದ್ದಂತೆ. ನಾನು ಹಾಕಿಸುವ ಗ್ಯಾಸಿನ ಪ್ರಮಾಣವೂ ಇರುವುದರಲ್ಲೇ ಚಿಕ್ಕದು. ಗ್ಯಾಸಿನ ಜೊತೆಗೇ ಹೆಚ್ಚಿನ ಪೆಟ್ರೋಲೂ ಹೋಗುತ್ತದೆ. ಪೆಟ್ರೋಲು ಕಡಿಮೆ ಬಿತ್ತೋ, ಗ್ಯಾಸು ತಾನೇ ನಿಲ್ಲುತ್ತದೆ. ಬಾಟ್ಲಿ ಬಿಸಿಲಿಗೆ ಕಾದರೆ ಅದರ ಉಸಿರು ಬಿಡಲು ಕಾರಿನ ಹೊರಕ್ಕೆ ಪೈಪು. ಎಕ್ಸಿಲೇಟರ್ ಪೂರ್ತಿ ತಳ ಮುಟ್ಟಿದರಷ್ಟೇ ಗ್ಯಾಸು ಬಿಡುಗಡೆ. ಕಾಲು ಸ್ವಲ್ಪ ಎತ್ತಿದರೂ ಬಂದ್.

ಆಲಖನೂರಿನ ಕಬ್ಬು ಬೆಳೆಯುವ ಮನೆತನದ ಮಗಳು ನೀಲಮ ಚಿತ್ರವನ್ನೆಲ್ಲ ಶಾಂತವಾಗಿ ನೋಡಿದಳು.

"ಇಷ್ಟೆಲ್ಲಾ ಗಾಡಿ ತಲಿ ಕೆಟ್ರ ಬಂದ್ ಮಾಡೂದಾತು," ಎಂದಳು. "ನಿಮ್ಮ ತಲಿ ಕೆಟ್ರ ಬಂದ್ ಮಾಡೂ ಸ್ವಿಚ್ಚ ಎಲ್ಲೈತ್ರಿ?"

ನನ್ನ ಚಿತ್ರದಲ್ಲಿ ಅದು ಇರಲಿಲ್ಲ. ಮೇನ್ ಸ್ವಿಚ್ಚು ತನ್ನ ಕಡೆ ಇರಬೇಕು, ತಾನು ಒತ್ತದೆ ಗ್ಯಾಸು ಅಲುಗಾಡಬಾರದು ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ರಾಜಾರಾಮನಾದರೂ ನನ್ನ ಪಕ್ಷ ವಹಿಸಬಹುದು ಎಂದುಕೊಂಡಿದ್ದೆ.

"ವಹಿನಿ ಹೇಳೂದು ಬರೋಬರ ಐತಿ, ಮಾಸ್ತರ. ಇಷ್ಟ ಸೇಫ್ ಗಾಡಿ ನಾ ಇನ್ನೂ ಮಾಡಿಲ್ಲ," ಎಂದು ಅವನು ಅತ್ತಿಗೆಯ ಪಕ್ಷವನ್ನೇ ವಹಿಸಿದ.

ನಿಜ, ಅಷ್ಟು ಸುರಕ್ಷಿತ ಗಾಡಿ ಮತ್ತೊಂದಿಲ್ಲ. ಯಾಕೆಂದರೆ ನೀಲಮ ಸ್ವಿಚ್ಚು ಒತ್ತಲೇ ಇಲ್ಲ. ಚಿಕ್ಕೋಡಿ ರಸ್ತೆಯಲ್ಲಿ ಮುಂದೆ ಕಬ್ಬಿನ ಟ್ರ್ಯಾಲಿ ಇರುತ್ತಿತ್ತು. ಟ್ರ್ಯಾಲಿ ಇಲ್ಲದಿದ್ದರೆ ಅಮಾವಾಸ್ಯೆ ಇರುತ್ತಿತ್ತು. ಎರಡೂ ಇಲ್ಲದ ದಿನ ನಾನು ಸೀನಿದ್ದೆ. ನಾನು ಜಗಳವಾಡಲಿಲ್ಲ. ಅವಳು ಹೆದರುತ್ತಿದ್ದುದು ಕಾರಿಗಲ್ಲ, ನನಗೇನಾದರೂ ಆದೀತೆಂದು. ಅದು ಗೊತ್ತಿದ್ದ ಮೇಲೆ ಜಗಳ ಹೇಗೆ ಆಡುವುದು? ಭಾನುವಾರಕ್ಕೊಮ್ಮೆ ಡಿಕ್ಕಿ ತೆಗೆದು ಬಾಟ್ಲಿಯನ್ನು ಒರೆಸಿ ಇಡುತ್ತಿದ್ದೆ.

ಒಂದು ಭಾನುವಾರ ಅವಳು ಅದನ್ನು ಬಾಗಿಲಲ್ಲಿ ನಿಂತು ನೋಡಿದಳು. ಏನನ್ನಿಸಿತೋ, ತನ್ನ ತಮ್ಮ ಸಂಗ್ರಾಮನಿಗೆ ಫೋನು ಮಾಡಿದಳು. ಅವನು ಸಕ್ಕರೆ ಕಾರ್ಖಾನೆಯ ಯಾರ್ಡಿನ ಸೂಪರ್‌ವೈಸರ್. ಕಬ್ಬು ಅರೆಯುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳಿಂದ ಕಾಲಿಡಲು ಜಾಗವಿಲ್ಲದ ಆ ಯಾರ್ಡು ಬೇಸಿಗೆಯಲ್ಲಿ ಉದ್ದಕ್ಕೆ ಖಾಲಿ ಬಿದ್ದಿರುತ್ತದೆ. ಅವನು ಮ್ಯಾನೇಜರರನ್ನು ಕೇಳಿ ಗೇಟು ತೆರೆಸಿದ.

ನೀಲಮ ಸೆರಗಿನ ಮೇಲೆ ಹೆಲ್ಮೆಟ್ ಹಾಕಿಕೊಂಡು ಕೂತಳು. ನಾನು ಹೊರಟೆ. ಎರಡನೇ ಗೇರು, ಎಂಜಿನ್ನು ಗುಡುಗತೊಡಗಿತು.

"ಚಾಲೂ ಮಾಡೀನ್ರಿ," ಎಂದಳು.

ಸ್ವಿಚ್ಚಿನ ಪಕ್ಕದ ಹಸಿರು ದೀಪ ಹತ್ತಿತು. ಇನ್ನು ಎಕ್ಸಿಲೇಟರ್ ಒಂದು ಬೆರಳಷ್ಟು ಇಳಿದರೆ ನನ್ನ ಅರ್ಧ ಆಯುಷ್ಯದ ಕನಸು ನನಸು. ಒಮ್ಮೆ ಅವಳತ್ತ ನೋಡಿದೆ. ನೋಡಬಾರದಿತ್ತು. ಒಂದು ಕೈ ಸ್ವಿಚ್ಚಿನ ಮೇಲೆ, ಇನ್ನೊಂದು ಕೈಯಲ್ಲಿ ನನ್ನ ಅಂಗಿಯ ತೋಳು, ಕಣ್ಣು ಬಿಗಿಯಾಗಿ ಮುಚ್ಚಿತ್ತು. ಅಷ್ಟು ಹೆದರಿಕೆಯಲ್ಲೂ ನನಗಾಗಿ ಸ್ವಿಚ್ಚು ಒತ್ತಿದ್ದಳು. ಎಕ್ಸಿಲೇಟರ್ ಮೇಲಿದ್ದ ಕಾಲು ನನ್ನನ್ನು ಕೇಳದೆ ಮೇಲೆದ್ದಿತು, ಗ್ಯಾಸು ಬಾಟ್ಲಿಯಲ್ಲೇ ಉಳಿಯಿತು. ಕಾರು ಸಂಜೆಯ ವಾಯುವಿಹಾರಕ್ಕೆ ಬಂದಂತೆ ತೂಕದ ಕಾಟಾದ ತನಕ ಉರುಳಿ ನಿಂತಿತು.

ಅವಳು ಒಂದೊಂದೇ ಕಣ್ಣು ತೆರೆದಳು. "ಆತೇನ್ರಿ?"

"ಆತು," ಎಂದೆ. ನನಗೆ ಹೆದರಿಕೆಯಾಯಿತೆಂದು ಯಾವ ಬಾಯಿಂದ ಹೇಳಲಿ?

"ಇಷ್ಟಕ್ಕನ ನಾ ಇಷ್ಟ ದಿನಾ ಜೀವಾ ಹಿಡಕೊಂಡ ಕುಂತಿದ್ದು? ನಮ್ಮಪ್ಪನ ಟ್ರ್ಯಾಕ್ಟರ ಇದಕ್ಕಿಂತ ಜೋರ ಜಿಗೀತೈತಿ," ಎಂದು ಹೆಲ್ಮೆಟ್ ತೆಗೆದು ಹೊಟ್ಟೆ ತುಂಬ ನಕ್ಕಳು.

ಅಂದಿನಿಂದ ಅವಳ ಹೆದರಿಕೆ ಪೂರ್ತಿ ಹೋಗಿದೆ. ಸಂತೆಗೆ ಹೊರಟರೂ ಸರಿ, ಸೀಟಿನಲ್ಲಿ ಕೂತವಳೇ ಮೊದಲು ಸ್ವಿಚ್ಚು ಒತ್ತುತ್ತಾಳೆ. ಇರಲಿ ಬಿಡ್ರಿ, ಅದೇನ ಮಾಡತೈತಿ ಎನ್ನುತ್ತಾಳೆ. ಹಸಿರು ದೀಪ ಉರಿಯುತ್ತಿರುತ್ತದೆ. ನಾನು ಎಕ್ಸಿಲೇಟರನ್ನು ಹಪ್ಪಳ ಮುಟ್ಟಿದಂತೆ ಮುಟ್ಟುತ್ತ, ಬೆವರು ಒರೆಸಿಕೊಳ್ಳುತ್ತ ಓಡಿಸುತ್ತೇನೆ. ತುಂಬಿದ ಕಬ್ಬಿನ ಟ್ರ್ಯಾಲಿಗಳು ಹಾರ್ನ್ ಹೊಡೆದು ನಮ್ಮನ್ನು ದಾಟಿ ಹೋಗುತ್ತವೆ.

ನಿನ್ನೆ ಚಹಾ ಕೊಡುತ್ತ ಅವಳು ನನ್ನ ಹೆಗಲ ಮೇಲೆ ಕೈಯಿಟ್ಟಳು.

"ರಾಜಾರಾಮಗ ಹೇಳಿ ಇನ್ನೊಂದ ದೊಡ್ಡ ಬಾಟ್ಲಿ ಹಾಕಿಸ್ಕೋರಿ. ಇದರಾಗ ನಿಮ್ಮ ಆಶಾ ತೀರಿಲ್ಲಂತ ನಂಗೂ ಗೊತ್ತಾಗತೈತಿ."

ಟೈರಿನ ಗಾಳಿ ನೋಡಿ ಬರುತ್ತೇನೆಂದು ಹೇಳಿ ನಾನು ಚಹಾ ಅರ್ಧಕ್ಕೇ ಬಿಟ್ಟು ಹೊರಗೆ ಬಂದೆ.