ತೋಡಿನ ಬದಿಗೆ ಮದ್ದು

ಪರಿಸರ ಉಳಿಸುವ ಸಭೆಗಳಿಗೆ ಅಡಿಗೆ ಮಾಡಲು ಹೋದಲ್ಲೆಲ್ಲ ಏನಾದರೊಂದು ಎಡವಟ್ಟು ನೋಡದೆ ನಾನು ಮನೆಗೆ ಬಂದದ್ದೇ ಕಡಿಮೆ. ನನ್ನ ಮನೆ ಪಂಜದಲ್ಲಿ. ಪುತ್ತೂರು, ಸುಳ್ಯ, ಕಡಬದ ಕಡೆ ಸಮಾರಂಭಗಳಿಗೆ ಅಡಿಗೆ ಮಾಡುವುದು ಕಸುಬು. ಒಲೆಗೆ ಬೆಂಕಿ ಹಾಕುವ ಮೊದಲು ಅನ್ನಪೂರ್ಣೇಶ್ವರಿಗೆ ಕೈ ಮುಗಿಯುತ್ತೇನೆ. ತಿನ್ನುವ ಅನ್ನ ಅವಳ ಪ್ರಸಾದ, ಅದು ಹುಟ್ಟುವ ಮಣ್ಣು ಅವಳ ಅಡಿಗೆಕೋಣೆ ಎಂದು ನಂಬಿದವನು ನಾನು. ಹಾಗಾಗಿ ಮಣ್ಣಿನ ಬಗ್ಗೆ, ಊಟದ ಬಗ್ಗೆ ಯಾರು ಭಾಷಣ ಮಾಡಿದರೂ ನನಗೆ ಗೌರವವೇ. ಆದರೂ ಒಮ್ಮೊಮ್ಮೆ ನಗು ಬಂದುಬಿಡುತ್ತದೆ. ನಕ್ಕ ಮೇಲೆ ಊಟ ಸೇರುವುದಿಲ್ಲ, ಅದು ಬೇರೆ ಮಾತು.

ಈ ಪ್ರಸಂಗಗಳಲ್ಲೆಲ್ಲ ಒಬ್ಬರು ಅಕ್ಕ ಬರುತ್ತಾರೆ. ಇಚಿಲಂಪಾಡಿ ಕಡೆಯವರು. ಗಂಡ ತೀರಿಕೊಂಡ ಮೇಲೆ ತನ್ನ ಹಿತ್ತಿಲ ಬಾಳೆಲೆ, ಮನೆಯ ಹತ್ತಿರ ಹರಿಯುವ ತೋಡಿನ ಬದಿಯ ಸೊಪ್ಪು, ಇವೆರಡನ್ನೇ ಕೊಯ್ದು ನನ್ನಂಥ ಅಡಿಗೆಯವರಿಗೆ ಕೊಟ್ಟು ಬದುಕು ಸಾಗಿಸಿದವರು.

ದನದ ತೀರ್ಪು

ಪುತ್ತೂರಿನ ಒಂದು ಸಭಾಭವನದಲ್ಲಿ ಪ್ಲಾಸ್ಟಿಕ್ ಬಿಡುವ ಬಗ್ಗೆ ಸಭೆ. ಊಟ ಬಾಳೆಲೆಯಲ್ಲೇ ಆಗಬೇಕು ಎಂದು ಕಟ್ಟುನಿಟ್ಟು. ಅಕ್ಕ ಮೊದಲ ಬಸ್ಸಿಗೇ ಎಲೆಯ ಕಟ್ಟು ಹೊತ್ತು ಬಂದರು. ವ್ಯವಸ್ಥಾಪಕರು ಬಾಗಿಲಲ್ಲೇ ತಡೆದು, "ಎಲೆ ಆಗಿದೆ ಅಕ್ಕ, ಮಂಗಳೂರಿಂದ ಬಂದಿದೆ. ಒಂದೇ ಅಳತೆ, ಹರಿಯುದಿಲ್ಲ, ತೊಳೆಯುದೂ ಬೇಡ" ಅಂದರು.

ನೋಡಿದರೆ ಅದು ಬಾಳೆಲೆಯ ಚಿತ್ರ ಅಚ್ಚು ಹಾಕಿದ ಕಾಗದ, ಮೇಲೊಂದು ಪ್ಲಾಸ್ಟಿಕ್ಕಿನ ಪೊರೆ. ಊಟ ಮುಗಿಸಿದವರು ಅಭ್ಯಾಸದಂತೆ ಎಲೆ ಮಡಚಿದರು. ಅದು ಅವರು ಕೈ ತೊಳೆದು ಬರುವಷ್ಟರಲ್ಲಿ ತಾನಾಗಿ ಬಿಡಿಸಿಕೊಂಡು, ಇನ್ನೊಮ್ಮೆ ಬಡಿಸಿ ಎಂಬಂತೆ ಮಲಗಿತ್ತು.

ಹಿಂದಿನ ಓಣಿಯಲ್ಲಿ ಒಂದು ದನ ಕಾಯುತ್ತಿತ್ತು. ಎಸೆದ ಎಲೆಯನ್ನು ಮೂಸಿತು, ಎರಡನೆಯದನ್ನೂ ಮೂಸಿತು. ಆಮೇಲೆ ನೇರ ಅಕ್ಕನ ಹತ್ತಿರ ಬಂದು, ಮಾರಾಟವಾಗದ ಆ ಕಟ್ಟಿಗೆ ಬಾಯಿ ಹಾಕಿತು.

ಅಕ್ಕ ಓಡಿಸಲಿಲ್ಲ. "ತಿನ್ನಲಿ ಭಟ್ರೇ. ಪುತ್ತೂರಲ್ಲಿ ಬಾಳೆಲೆ ಯಾವುದು ಅಂತ ಗೊತ್ತಿದ್ದದ್ದು ಇದೊಂದಕ್ಕೇ."

ಬೇಡಿಕೆ ಮಂಜೂರು

ಆ ವರ್ಷವೇ ಆನೆ ಬಂತು. ಅಕ್ಕನ ಹಿತ್ತಿಲಲ್ಲಿ ಒಂದು ಬಾಳೆ ಬುಡವನ್ನೂ ಬಿಡಲಿಲ್ಲ.

"ಗಣಪತಿಗೆ ಬಾಳೆಹಣ್ಣು ಇಡುವವಳು ನಾನೇ ಅಲ್ವಾ ಭಟ್ರೇ? ಗೊನೆ ತಿನ್ನಲಿ. ಬುಡ ಸಮೇತ ಯಾಕೆ?" ಎಂದು ಕೇಳಿದರು. ಅಷ್ಟು ವರ್ಷ ಸಂಕಷ್ಟಿ ಮಾಡಿದ ನಾನು ನನ್ನಷ್ಟಕ್ಕೇ ಲೆಕ್ಕ ಹಾಕಿದೆ. ಆನೆಗೆ ಅದರ ಕಾಡು ಬೇಕು, ಅಕ್ಕನಿಗೆ ಅವರ ಹಿತ್ತಿಲು ಬೇಕು. ಎರಡನ್ನೂ ಕೊಟ್ಟವನು ಒಬ್ಬನೇ. ನಡುವೆ ಕಸಿದವರು ಯಾರು ಎಂಬಲ್ಲಿಗೆ ನನ್ನ ಯೋಚನೆ ನಿಲ್ಲುತ್ತದೆ.

ಕಡಬದಲ್ಲಿ ರೈತರ ಪ್ರತಿಭಟನೆ ಆಯಿತು. ನಾನು ಅವಲಕ್ಕಿ, ಮಜ್ಜಿಗೆ ಕೊಂಡುಹೋಗಿದ್ದೆ. 'ಕಾಡಾನೆಗಳಿಂದ ನಮ್ಮನ್ನು ರಕ್ಷಿಸಿ' ಎಂದು ಬ್ಯಾನರ್ ಮಾಡಿಕೊಡಲು ರೈತರು ಹೇಳಿದ್ದರು. ಫ್ಲೆಕ್ಸ್ ಅಂಗಡಿಯವನ ಕಂಪ್ಯೂಟರಿನಲ್ಲಿ ಹಿಂದಿನ ವಾರ ಬೇರೆ ಯಾರಿಗೋ ಮಾಡಿದ ಬ್ಯಾನರ್ ಇತ್ತು. ಅವಸರದಲ್ಲಿ ಅದನ್ನೇ ಮುದ್ರಿಸಿದ. ಅರಣ್ಯ ಇಲಾಖೆಯ ಕಚೇರಿಯ ಎದುರು ಬಿಡಿಸಿ ಹಿಡಿದಾಗ, ಹಿಡಿದವರಿಗೆ ಹಿಂಭಾಗ ಮಾತ್ರ ಕಾಣುತ್ತಿತ್ತು. ಎದುರು ನಿಂತ ನಾನು ಓದಿದೆ: 'ಕಾಡಾನೆಗಳನ್ನು ರಕ್ಷಿಸಿ.'

ಹೇಳಬೇಕೆನ್ನುವಷ್ಟರಲ್ಲಿ ಅಧಿಕಾರಿ ಹೊರಗೆ ಬಂದರು. ಬೈಗುಳ ಕೇಳಲು ತಯಾರಾಗಿ ಬಂದವರು ಬ್ಯಾನರ್ ಓದಿ ಅರಳಿಹೋದರು. ಎಲ್ಲರ ಕೈ ಕುಲುಕಿದರು. "ನಮ್ಮದೂ ಅದೇ ಬೇಡಿಕೆ ಮಾರಾಯ್ರೆ! ನೀವು ಇಷ್ಟು ಒಳ್ಳೆಯವರು ಅಂತ ನನಗೆ ಗೊತ್ತೇ ಇರಲಿಲ್ಲ."

ಒಂದು ಡಬ್ಬಿ ಸಾಲದು

ಬಾಳೆ ಹೋದ ಮೇಲೆ ಅಕ್ಕನಿಗೆ ಉಳಿದದ್ದು ಸೊಪ್ಪು ಮಾತ್ರ. ಅದರಲ್ಲೂ ತಿಮರೆ, ಅಂದರೆ ಒಂದೆಲಗ. ಸುಳ್ಯದ ಒಂದು ಆಹಾರ ಮೇಳಕ್ಕೆ ನಾನೇ ಅವರನ್ನು ಕರೆದುಕೊಂಡು ಹೋಗಿ ಒಂದು ಮೂಲೆಯಲ್ಲಿ ಕೂರಿಸಿದ್ದೆ. ಬಿಳಿ ಅಂಗಿಯ ಒಬ್ಬರು ಬಂದು ಕೇಳಿದರು, "ಅಕ್ಕ, ಇದು ಆರ್ಗ್ಯಾನಿಕಾ?"

ಅಕ್ಕ ಕಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, "ಅಲ್ಲ, ಇದು ತಿಮರೆ" ಅಂದರು.

ಅವರು ಪಕ್ಕದ ಮಳಿಗೆಗೆ ಹೋಗಿ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ತೋರಿಸಿದರು. "ನೋಡಿ, ಇಂಥದ್ದು ಇಡಬೇಕು ನೀವು. ಒಂದೆಲಗದ ಪುಡಿ. ನೆನಪಿನ ಶಕ್ತಿಗೆ ಭಾರಿ ಒಳ್ಳೆಯದು. ನಾನು ಚಿಕ್ಕಂದಿನಲ್ಲಿ ದಿನಾ ಇದರದ್ದೇ ತಂಬುಳಿ ಉಂಡವ."

ಅವರು ಹೋದ ಮೇಲೆ ಅಕ್ಕ ನನ್ನ ಕಡೆ ಬಾಗಿದರು: "ಒಂದು ಡಬ್ಬಿ ಸಾಲದು ಭಟ್ರೇ ಅವರಿಗೆ."

ಅಕ್ಕನ ಭಾಷಣ

ಇದನ್ನು ಹೇಳುವಾಗ ನಾನು ನಗಬಾರದು. ತಪ್ಪು ನನ್ನದೇ.

ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಅಕ್ಕನ ಊರಿನಲ್ಲೇ, ತೋಡಿನ ಹತ್ತಿರದ ಒಂದು ಅಂಗಳದಲ್ಲಿ, ಒಂದು ಪರಿಸರ ಸಂಘದವರು 'ವಿಷಮುಕ್ತ ಊಟ' ಎಂಬ ಕಾರ್ಯಕ್ರಮ ಇಟ್ಟರು. ಹಳೆಯ ಸೊಪ್ಪಿನ ಅಡಿಗೆಗಳು ಬೇಕು, ತಿಮರೆ ತಂಬುಳಿ ಇರಲೇಬೇಕು, ಜೊತೆಗೆ ಅಕ್ಕನಿಗೆ ಸನ್ಮಾನ. ನನಗೆ ಸಂತೋಷವೋ ಸಂತೋಷ. ಅಲ್ಲಿ ಸುತ್ತಲಿನ ತೋಟಗಳಲ್ಲೆಲ್ಲ ಹುಲ್ಲು ಸಾಯಿಸುವ ಮದ್ದು ಬಿದ್ದು, ತಿಮರೆ ಉಳಿದದ್ದು ಆ ತೋಡಿನ ಬದಿಯಲ್ಲಿ ಮಾತ್ರ. ಅಂಗಳಕ್ಕೆ ಜನ ಬಂದರೆ ಮೆಟ್ಟಿ ಹಾಳು ಮಾಡಿಯಾರು ಎಂದು ಹೆದರಿ, ಹತ್ತು ದಿನ ಮೊದಲೇ ಸಂಘದ ಕಾರ್ಯದರ್ಶಿಗಳಿಗೆ ಫೋನು ಮಾಡಿದೆ.

ತಿಮರೆಯನ್ನು ಅಕ್ಕ ಯಾವಾಗಲೂ 'ಮದ್ದು' ಎಂದೇ ಕರೆಯುವುದು. ಅದೇ ಮಾತು ನನ್ನ ಬಾಯಿಗೂ ಬಂತು. "ತೋಡಿನ ಬದಿಯಲ್ಲಿ ಪೂರ ಮದ್ದು ಉಂಟು, ಯಾರೂ ಮೆಟ್ಟದ ಹಾಗೆ ನೋಡಿಕೊಳ್ಳಿ" ಅಂದೆ. ನಮ್ಮ ಗುಡ್ಡೆಯ ಬದಿ ಫೋನಿನಲ್ಲಿ ಅರ್ಧ ಮಾತು ದಾಟಿದರೆ ಪುಣ್ಯ. ಅವರಿಗೆ ಕೇಳಿದ್ದು, "ತೋಡಿನ ಬದಿ... ಪೂರ ಮದ್ದು... ನೋಡಿಕೊಳ್ಳಿ."

"ಆಯ್ತು ಭಟ್ರೇ, ಅದು ನನಗೆ ಬಿಡಿ" ಅಂದರು. ನಮ್ಮಲ್ಲಿ ಡಾಕ್ಟರು ಕೊಡುವುದೂ ಮದ್ದು, ಅಡಿಕೆಯ ಕೊಳೆರೋಗಕ್ಕೆ ಬಿಡುವುದೂ ಮದ್ದು, ಹುಲ್ಲು ಸಾಯಿಸುವುದೂ ಮದ್ದು. ಅವರು ಮೂರನೆಯದನ್ನು ಹಿಡಿದರು. ಮೊದಲಾದರೆ ಆಟಿಯ ಮಳೆ ಅದನ್ನು ತೊಳೆದಾದರೂ ಹಾಕುತ್ತಿತ್ತು. ಈಗ ಆಟಿಯಲ್ಲೂ ನಾಲ್ಕು ದಿನ ಬೆನ್ನು ಬೆನ್ನಿಗೆ ಬಿಸಿಲು.

ಕಾರ್ಯಕ್ರಮದ ಬೆಳಿಗ್ಗೆ ನಾನೂ ಅಕ್ಕನೂ ಬುಟ್ಟಿ ಹಿಡಿದು ತೋಡಿಗೆ ಇಳಿದೆವು. ಬದಿಯಿಡೀ ಸುಟ್ಟ ಹಾಗೆ ಕಂದು ಬಣ್ಣ. ಅಕ್ಕ ಕೂತು ಒಂದು ಬಳ್ಳಿ ಎತ್ತಿದರು. ಬೇರು ಸಮೇತ ಕೈಗೆ ಬಂತು.

ಹಿಂದಿನಿಂದ ಕಾರ್ಯದರ್ಶಿಗಳ ಸ್ವರ: "ಹೇಗುಂಟು ಭಟ್ರೇ? ನೀವು ಹೇಳಿದ ಹಾಗೇ ಮಾಡಿಸಿದ್ದೇನೆ. ಒಂದು ಕಡ್ಡಿ ಹುಲ್ಲು ತೋರಿಸಿ ನೋಡುವ!"

ನಾನು ಬುಟ್ಟಿ ಕೆಳಗಿಟ್ಟೆ. ಅಕ್ಕ ಮೆಲ್ಲಗೆ, "ನಾಳೆಯಿಂದ ನಾನು ಎಂತ ಕೊಯ್ಯುದು ಭಟ್ರೇ?" ಎಂದು ಕೇಳಿದರು.

ದೇವರ ಹತ್ತಿರ ತಪ್ಪಾಯಿತು ಎಂದರೆ ಕಾಣಿಕೆ ಹಾಕಿ ಬರುವ ಕ್ರಮ ಉಂಟು. ತೋಡಿನ ಹತ್ತಿರ ತಪ್ಪಾದರೆ ಎಲ್ಲಿ ಹಾಕುವುದು? ಅಲ್ಲಿ ಡಬ್ಬಿ ಇಲ್ಲ. ಅಕ್ಕನಿಗೆ ಎಲ್ಲ ಹೇಳಿದೆ, ಕೈ ಮುಗಿದೆ. ಅವರು ನನ್ನ ಕೈಯನ್ನು ಕೆಳಗೆ ಮಾಡಿಸಿದರು, ಅಷ್ಟೇ. ಪೇಟೆಯಿಂದ ಪಾಲಕ್ ತರಿಸಿ ಅದರದ್ದೇ ತಂಬುಳಿ ಮಾಡಿದೆ. ದೂರದಿಂದ ಬಂದ ಮುಖ್ಯ ಅತಿಥಿಗಳು ಎರಡು ಲೋಟ ಕುಡಿದು, "ತಿಮರೆಯ ಈ ಪರಿಮಳ ಬೇರೆ ಯಾವುದಕ್ಕೂ ಬರುವುದಿಲ್ಲ" ಎಂದು ಮೈಕಿನಲ್ಲೇ ಹೇಳಿದರು. ನಾನು ಒಲೆಯ ಕಡೆ ಮುಖ ತಿರುಗಿಸಿ ಅನ್ನಪೂರ್ಣೇಶ್ವರಿಯಲ್ಲಿ ಕ್ಷಮೆ ಕೇಳಿದೆ.

ಆಮೇಲೆ ಅಕ್ಕನನ್ನು ವೇದಿಕೆಗೆ ಕರೆದರು. ಶಾಲು ಹೊದಿಸಿದರು. 'ಸೊಪ್ಪಿನ ಸಂರಕ್ಷಕಿ' ಎಂದು ಬರೆದ ಫಲಕ ಕೊಟ್ಟರು. ಎರಡು ಮಾತಾಡಿ ಎಂದು ಕಾರ್ಯದರ್ಶಿಗಳೇ ಮೈಕು ಹಿಡಿದರು. ಅಕ್ಕ ಒಮ್ಮೆ ತೋಡಿನ ಕಡೆ ನೋಡಿದರು. ಜನ ನಗುಮುಖದಲ್ಲಿ ಕಾಯುತ್ತಿದ್ದರು.

"ನನಗೆ ಭಾಷಣ ಗೊತ್ತಿಲ್ಲ. ಮನುಷ್ಯರಿಗೆ ಸೀಕಾದರೆ ಮದ್ದು ಅಂತ ಈ ಸೊಪ್ಪು ಕೊಯ್ದು ಕೊಡ್ತಿದ್ದೆ. ಈ ಸಲ ನೀವು ಸೊಪ್ಪಿಗೇ ಮದ್ದು ಕೊಟ್ಟಿದ್ದೀರಿ, ಒಳ್ಳೆಯದು. ಅದಕ್ಕೆ ಎಂತ ಸೀಕು ಇತ್ತು ಅಂತ ಮಾತ್ರ ಒಮ್ಮೆ ಹೇಳಿ ಮಾರಾಯ್ರೆ."