ಅಪ್ಪನ ಕಾರಿಗೆ ಪಾಲಿಶ್

ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಿ ಊರವರ ಬಾಯಿಗೆ ಬೀಳುವುದು ನಮ್ಮ ಮನೆಗೆ ಹೊಸದಲ್ಲ. ಆದರೆ ಈ ಸಲ ನನಗೆ ನಗುವ ಮನಸ್ಸಿರಲಿಲ್ಲ. ಅಪ್ಪ ತೀರಿಹೋಗಿ ವರ್ಷವಾಗುತ್ತ ಬಂದಿತ್ತು. ಅಂದಿನಿಂದ ಅಮ್ಮ ಅವರ ಬಿಳಿ ಕಾರು ಹತ್ತಿರಲಿಲ್ಲ. ಗೋಣಿಬೀಡಿಗೂ ಬಸ್ಸು, ಮೂಡಿಗೆರೆಗೂ ಬಸ್ಸು. ವರ್ಷದ ಪೂಜೆಗೆ ದೇವರಮನೆ ಬೆಟ್ಟದ ದೇವಸ್ಥಾನಕ್ಕೆ ಹೋಗಬೇಕಿತ್ತು. ಕೆಸರು ಮೆತ್ತಿದ ಕಾರು ನೋಡಿಯೇ ಅವಳಿಗೆ ಸಂಕಟ, ಹೊಳೆಯುವಂತೆ ಮಾಡಿದರೆ ಹತ್ತಿಯಾಳು ಎಂದುಕೊಂಡು, ಮೊಬೈಲಿನಲ್ಲಿ ವಿಡಿಯೋ ನೋಡಿ ಪಾಲಿಶ್ ತರಿಸಿದೆ.

೧. ತೊಳೆದದ್ದು

ಪ್ರೆಶರ್‌ನಲ್ಲಿ ನೀರು ಹೊಡೆಯಿರಿ ಎಂದ ವಿಡಿಯೋದವನು. ನಮ್ಮಲ್ಲಿ ಪ್ರೆಶರ್ ಇರುವುದು ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರಿಗೆ ಮಾತ್ರ. ಅದನ್ನೇ ತಂದು ಹೊಡೆದೆ. ಒಣಗಿದ ಮೇಲೆ ನೋಡಿದರೆ ಕಾರಿನ ತುಂಬ ತಿಳಿನೀಲಿ ಚುಕ್ಕೆ! ಸ್ಪ್ರೇಯರಿನ ಡ್ರಮ್ಮಿನ ತಳದಲ್ಲಿ, ಮಳೆಗಾಲದಲ್ಲಿ ಗಿಡಕ್ಕೆ ರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣ ಉಳಿದಿತ್ತು. ನಮ್ಮ ತೋಟದ ಮೇಸ್ತ್ರಿ ಕಾರಿಗೊಂದು ಸುತ್ತು ಬಂದು ಗಂಭೀರವಾಗಿ ಹೇಳಿದ:

"ಒಳ್ಳೇದೇ ಆಯ್ತು ಬಿಡಿ ಅಣ್ಣ. ಇನ್ನು ಕಾರಿಗೆ ಕೊಳೆರೋಗ ಬರಲ್ಲ."

೨. ಒಣಗಿಸಿದ್ದು

ನಿಂಬೆಹಣ್ಣು ತಿಕ್ಕಿ ನೀಲಿ ತೆಗೆದೆ. ಪಾಲಿಶ್ ಹಚ್ಚಿದ್ದಾಯಿತು. ಏನೇ ಒಣಗಬೇಕಿದ್ದರೂ ಕಣಕ್ಕೆ ತಳ್ಳುವುದು ನಮ್ಮ ರಕ್ತದಲ್ಲೇ ಇದೆ. ಕಾರನ್ನೂ ಕಾಫಿ ಒಣಗುವ ಕಣದಲ್ಲೇ ನಿಲ್ಲಿಸಿದೆ. ಗಾಳಿ ಬೀಸಿತು. ಒಣಹಾಕಿದ್ದ ಪಾರ್ಚ್‌ಮೆಂಟ್ ಕಾಫಿಬೀಜದ ತೆಳು ಸಿಪ್ಪೆಯೆಲ್ಲ ಹಾರಿ ಬಂದು ಪಾಲಿಶಿಗೆ ಅಂಟಿ ಕೂತಿತು. ತೋಟದ ಲೆಕ್ಕ ಬರೆಯುವ ರೈಟರ್ ಕನ್ನಡಕ ಏರಿಸಿ ಕೇಳಿದರು:

"ಕಾಫಿ ಜೊತೆ ಇದನ್ನೂ ಕ್ಯೂರಿಂಗ್ ಮಿಲ್ಲಿಗೆ ಕಳಿಸೋದಾ? ಸಿಪ್ಪೆ ಅವ್ರೇ ತೆಗ್ದು ಕೊಡ್ತಾರೆ."

೩. ಹೋಗದ ಗೀರು

ಕೊನೆಗೂ ಕಾರು ಹೊಳೆಯಿತು. ಎಡಗಡೆ ಮುಂದಿನ ಬಾಗಿಲ ಮೇಲೆ ಪಕ್ಕದ ಮನೆಯ ದನ ಕೊಂಬಿನಲ್ಲಿ ಗೀರಿದ ಉದ್ದ ಗೆರೆಯೊಂದು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಅಪ್ಪ ಯಾಕೋ ಅದನ್ನು ರಿಪೇರಿ ಮಾಡಿಸಿರಲೇ ಇಲ್ಲ. ಅಮ್ಮನನ್ನು ಕರೆದು ತೋರಿಸಿದೆ.

"ಎಲ್ಲಾ ಹೋಯ್ತಮ್ಮ, ದನದ ಗೀರು ಮಾತ್ರ ಹೋಗ್ಲಿಲ್ಲ."

ಅಮ್ಮ ಅದನ್ನು ಬೆರಳಿನಿಂದ ಸವರಿದಳು. "ಯಾವ ದನ ಮಾರಾಯ? ಮೆಣಸು ಕೊಯ್ಯೋ ಏಣಿ ಎಳ್ಕೊಂಡು ಹೋಗ್ವಾಗ ನಾನೇ ಗೀರಿದ್ದು. ಹೆದ್ರಿಕೆಗೆ ದನದ ಮೇಲೆ ಹಾಕ್ದೆ."

"ಅಪ್ಪಂಗೆ ಗೊತ್ತಾಗ್ಲಿಲ್ವಾ?"

"ಅವತ್ತೇ ಗೊತ್ತಾಗಿತ್ತು. ಬೈಲಿಲ್ಲ. ಆದ್ರೆ ಅವತ್ತಿಂದ ಪ್ರತಿ ಸಲ ಬಾಗ್ಲು ತೆಗ್ದು, 'ಕೊಂಬು ಜೋಪಾನ, ಬಗ್ಗಿ ಹತ್ತು' ಅಂತಿದ್ರು. ಈಗ ಹೇಳೋರಿಲ್ಲ. ಅದಕ್ಕೇ ಬಸ್ಸು."

ನಾನು ಪಾಲಿಶ್ ಬಟ್ಟೆ ಕೆಳಗಿಟ್ಟೆ. ಇಷ್ಟು ದಿನ ನಾನು ತಿಕ್ಕಿದ್ದೆಲ್ಲ ಬೇರೆಯೇ ಕಡೆ.

ಪೂಜೆಯ ದಿನ ಕಾರಿನ ಬಾಗಿಲು ತೆಗೆದು ನಿಂತೆ. ಹೂವಿನ ಬುಟ್ಟಿ ಹಿಡಿದು ಅಮ್ಮ ಬಂದಳು, ಹತ್ತಲಿಲ್ಲ. ಅಪ್ಪನ ಆ ಮಾತು ಹೆತ್ತವಳಿಗೆ ನಾನು ಹೇಳುವಂಥದ್ದೇ? ಆದರೂ ಧೈರ್ಯ ಮಾಡಿದೆ.

"ಕೊಂಬು ಜೋಪಾನ ಅಮ್ಮ. ಬಗ್ಗಿ ಹತ್ತು."

ಅಮ್ಮ ಬೇಕಾದ್ದಕ್ಕಿಂತ ಹೆಚ್ಚೇ ಬಗ್ಗಿ ಒಳಗೆ ಕೂತಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಬಾಗಿಲು ಹಾಕಲು ಹೋದಾಗ, ಹೊರಗೆ ಜೋತಿದ್ದ ಸೀರೆಯ ಅಂಚು ತೋರಿಸಿ ತಡೆದಳು.

"ತಡಿ ಮಾರಾಯ. ಬಾಲ ಇನ್ನೂ ಹೊರಗಿದೆ."